ಕುರ್ಚಿ ಏರಿದ ಇರುವೆ

ತಂಪಾನೂರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಬಡ್ತಿಯ ಮಾತು ಬಂದಾಗಲೆಲ್ಲ ಈಗ ನನಗೆ ನೆನಪಾಗುವುದು ನಮ್ಮ ಜೋಗದ ಕಡೆಯ ಒಂದು ಜಿಗಿಯುವ ಇರುವೆ. ಹೆಸರು ಹಾರ್ಪೆಗ್ನಾಥಾಸ್.

ರಾಣಿ ಸತ್ತರೆ ಕೆಲಸಗಾರ್ತಿಯರು ಮೀಸೆಯಲ್ಲೇ ಬಡಿದಾಡುತ್ತಾರೆ, ವಾರಗಟ್ಟಲೆ. ಗೆದ್ದ ಕೆಲವರು ಮೊಟ್ಟೆಯಿಡಲು ಶುರು ಮಾಡುತ್ತಾರೆ. ಏಳು ತಿಂಗಳಿದ್ದ ಆಯುಸ್ಸು ನಾಲ್ಕು ವರ್ಷದವರೆಗೂ ಹಿಗ್ಗುತ್ತದೆ. ಮಿದುಳು ಮಾತ್ರ ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ! ಅಂಥವಳನ್ನು ಕೆಲವು ವಾರ ಒಂಟಿಯಾಗಿಟ್ಟರೆ ಮತ್ತೆ ಕೆಲಸಗಾರ್ತಿ. ಮಿದುಳೂ ಮೊದಲಿನಂತೆ ಬೆಳೆಯುತ್ತದೆ ಎಂದು 2021ರಲ್ಲಿ ತೋರಿಸಿದರು.

ಅಂದರೆ ಹುಟ್ಟು ಒಂದೇ, ಆಯುಸ್ಸು ಕೊಟ್ಟದ್ದು ಜಾಗ.

ಮನುಷ್ಯರು ಇರುವೆಗಳಲ್ಲ, ಒಪ್ಪಿದೆ. ಆದರೆ 1967ರಲ್ಲಿ ಶುರುವಾದ ಲಂಡನ್ನಿನ ವೈಟ್‌ಹಾಲ್ ಅಧ್ಯಯನದಲ್ಲೂ ಕೆಳದರ್ಜೆಯ ಸರಕಾರಿ ನೌಕರರೇ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತದ್ದು.

ನಾನು ಬ್ಯಾಂಕು ಸೇರಿದ ವರ್ಷವೇ ಸೇರಿದ ಪ್ಯೂನ್ ಒಬ್ಬರು 49ಕ್ಕೇ ಹೃದಯಾಘಾತದಿಂದ ಹೋದರು. "ಪಾಪ, ಹಣೆಬರಹ" ಅಂದು ಸಂಜೆಯ ಲೆಕ್ಕ ಮುಗಿಸಿದೆ. ಎರಡು ಮಹಡಿ ಹತ್ತಿ ಅವರು ತಂದುಕೊಡುತ್ತಿದ್ದ ಫೈಲುಗಳನ್ನು ನಾನು ಎಣಿಸಿರಲೇ ಇಲ್ಲ. ನನ್ನ ಬಡ್ತಿಯನ್ನು ಯೋಗ್ಯತೆ ಅಂದುಕೊಂಡೆ, ಅವರ ಸಾವನ್ನು ವಿಧಿ ಅಂದುಕೊಂಡೆ. ಎರಡೂ ತಪ್ಪು ಲೆಕ್ಕ.

ಇನ್ನೆರಡು ವರ್ಷಕ್ಕೆ ನಾನೂ ಕುರ್ಚಿ ಬಿಡಬೇಕು. ಮಿದುಳು ಮೊದಲಿನ ಗಾತ್ರಕ್ಕೆ ಬಂದೀತೇ, ನೋಡೋಣ!