ಹೆಮ್ಮಕ್ಕೊಗೆ ರಿವಾಲ್ವರ್ ಎಂತಕೆ?

ಮನ್ನೆ ಮೂಡುಬಿದಿರೆಲಿ ಒಂದು ಉಪ್ನಾನಕ್ಕೆ ಹೋಗಿಪ್ಪಗ ಬೆಳ್ತಂಗಡಿ ಹೊಡೆಣ ಅತ್ತಿಗೆ ಹೇಳಿದವು, “ಎಂಗಳದ್ದು ಒಂಟಿ ಮನೆ. ಇವು ಪೇಟೆಗೆ ಹೋದರೆ ಬಪ್ಪದು ಹೊತ್ತೋಪಗ. ಒಂದು ರಿವಾಲ್ವರ್ ಇದ್ದರೆ ಧೈರ್ಯ ಅಲ್ಲದೋ?”

ಅತ್ತಿಗೆಯ ಹೆದರಿಕೆ ಲೊಟ್ಟೆ ಅಲ್ಲ. ಒಂದು ಮನೆಂದ ಇನ್ನೊಂದು ಮನೆಗೆ ತೋಟ, ಗುಡ್ಡೆ ದಾಂಟೆಕ್ಕು. ಬೊಬ್ಬೆ ಹಾಕಿರೂ ಕೇಳ. ಆದರೂ ಎನಗೆ ಅದು ಸರಿ ಕಾಣ್ತಿಲ್ಲೆ.

2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಮ್ಮಕ್ಕೊಗೆ ಹೇಳಿಯೇ ‘ನಿರ್ಭೀಕ್’ ಹೇಳ್ತ ರಿವಾಲ್ವರ್ ತಂದತ್ತು. 2012ರಲ್ಲಿ ದೆಲ್ಲಿಲಿ ಅನ್ಯಾಯ ಆದ ಕೂಸಿಂಗೆ ಪೇಪರಿನವು ಮಡಗಿದ ‘ನಿರ್ಭಯಾ’ ಹೆಸರಿಂದ ಬಂದದು ಅದು. ತೂಕ ಅರ್ಧ ಕಿಲೋ ಅಂದಾಜಿ, ಆರು ಗುಂಡು, ಅಂದ್ರಾಣ ಕ್ರಯ 1,22,360 ರೂಪಾಯಿ.

ಅಜ್ಜನ ಕಾಲದ ಕೇಪಿನ ಕೋವಿಗೆ ಬಾಯಿಂದ ಮದ್ದು ತುಂಬುಸೆಕ್ಕು, ಜಡಿಯೆಕ್ಕು, ಕೇಪು ಮಡುಗೆಕ್ಕು, ಕುದುರೆ ಹಿಂದಂಗೆ ಎಳೆಯೆಕ್ಕು. ಅಷ್ಟಪ್ಪಗ ಮಂಗ ಆಚ ತೋಟಲ್ಲಿ! ‘ಡಬಲ್ ಆಕ್ಷನ್’ ರಿವಾಲ್ವರಿಲ್ಲಿ ಹಾಂಗಿಲ್ಲೆ. ಗುಂಡು ತುಂಬುಸಿದ್ದರೆ ಟ್ರಿಗರ್ ಒಂದರಿ ಎಳದರೆ ಸಾಕು. ಗುಂಡಿನ ಉರುಳೆ ತಿರುಗುತ್ತು, ಕುದುರೆ ಹಿಂದೆ ಹೋವುತ್ತು, ಅದುವೇ ಬಿದ್ದು ಈಡು ಹಾರ್ತು. ಕುದುರೆ ಎಳವದು, ಬಿಡುದು – ಎರಡೂ ಕೆಲಸ ಒಂದೇ ಬೆರಳಿಲ್ಲಿ, ಹಾಂಗಾಗಿ ಡಬಲ್. ಹೆಚ್ಚಿನ ರಿವಾಲ್ವರಿಂಗೆ ಬೇರೆ ಸೇಫ್ಟಿ ಇರ್ತಿಲ್ಲೆ. ಟ್ರಿಗರ್ ರಜ್ಜ ಗಟ್ಟಿ ಇಪ್ಪದೇ ಸೇಫ್ಟಿ. ಕುದುರೆಯ ಕೈಲಿ ಮದಲೇ ಎಳದು ಮಡಗಿರೆ ಆ ಗಟ್ಟಿಯೂ ಇಲ್ಲೆ, ಮೆಲ್ಲಂಗೆ ಒತ್ತಿರೂ ಹೋತು.

ಎನ್ನ ತಮ್ಮ ಸಣ್ಣ ಇಪ್ಪಗ, ತೋಟೆ ಇಲ್ಲೆ ಹೇಳಿ ಗ್ರೇಶಿ ಅಪ್ಪನ ಕೋವಿಯ ಆಡ್ಲೆ ತೆಗದ. ಈಡು ಮಾಡಿನ ಹಂಚಿಂಗೆ ಹೋತು. ರಜ್ಜ ತಗ್ಗಿದ್ದರೆ ಆನು ಇಂದು ಇದರ ಬರೆತ್ತಿತ್ತಿಲ್ಲೆ. ಅಂದಿಂದ ಅಬ್ಬೆ ತೋಟೆಯ ಬೇರೆ ಪೆಟ್ಟಿಗೆಲಿ ಬೀಗ ಹಾಕಿ ಮಡಗಿತ್ತು, ಬೀಗದಕೈ ಅದರ ಸೊಂಟಲ್ಲಿ.

ರಿವಾಲ್ವರಿಂಗೂ ಹಾಂಗೆ ಮಾಡಿರೆ ಕಳ್ಳ ಬಪ್ಪಗ ಅದು ಕೈಗೆ ಸಿಕ್ಕ. ಬೀಗ ಹಾಕದ್ರೆ ಮಕ್ಕೊಗೆ ಸಿಕ್ಕುಗು. ಇದಕ್ಕೆ ಉತ್ತರ ಅತ್ತಿಗೆಯ ಹತ್ತರೆ ಇತ್ತಿಲ್ಲೆ.

ಕೋವಿ ಬೇರೆ. ಬಂಟ್ವಾಳ, ಬೆಳ್ತಂಗಡಿ ತೋಟದವಕ್ಕೆ ಮಂಗ, ಹಂದಿ ಓಡ್ಸಲೆ ಅದು ಬೇಕು. ಚುನಾವಣೆ ಹೇಳಿ ಠಾಣೆಲಿ ಮಡುಗೆಕ್ಕಾಗಿ ಬಪ್ಪಗ ಬೊಂಡದ ಗತಿ ಎಂತಾವುತ್ತು ಹೇಳಿ ಎಲ್ಲೋರಿಂಗೂ ಗೊಂತಿದ್ದು. ಕೋವಿಗೆ ತೋಟಲ್ಲಿ ಕೆಲಸ ಇದ್ದು. ರಿವಾಲ್ವರಿಂಗೆ ಮನುಷ್ಯರ ಬಿಟ್ಟು ಬೇರೆ ಕೆಲಸ ಇಲ್ಲೆ.

ಅತ್ತಿಗೆಗೆ ಹೇಳಿದೆ: ಜಾಲಿಂಗೆ ಒಳ್ಳೆ ಲೈಟು ಹಾಕ್ಸಿ, ಒಂದು ನಾಯಿ ಸಾಂಕಿ, ಹಿಂದಾಣ ಬಾಗಿಲಿನ ಚಿಲಕ ಸರಿ ಮಾಡ್ಸಿ. ನೆರೆಕರೆಯವರ ನಂಬ್ರ ಫೋನಿಲ್ಲಿ ಮಡಿಕ್ಕೊಳ್ಳಿ, ಪೋಲೀಸಿಂಗೆ 112.

ಮನೆಲಿ ಕೋವಿ ಇಪ್ಪ ಅಕ್ಕಂದಿರು ಇಂದೇ ನೋಡಿ: ತೋಟೆ ಎಲ್ಲಿದ್ದು, ಬೀಗದಕೈ ಆರ ಕೈಲಿದ್ದು? ಅದು ಗೆಂಡುಮಕ್ಕಳ ಸಂಗತಿ ಹೇಳಿ ಬಿಡೆಡಿ. ದೊಡ್ಡ ರಜೆಲಿ ಪುಳ್ಯಕ್ಕೊ ಬತ್ತವು.