ದೂರು ಒಯ್ಯುವುದೆಲ್ಲಿಗೆ?

2018ರ ಅಕ್ಟೋಬರಿನಲ್ಲಿ ದೆಹಲಿಯ ನ್ಯಾಯಾಲಯಕ್ಕೆ ಬಂದ ಒಂದು ಫಿರ್ಯಾದು ದೇಶದ ಗಮನವನ್ನೆಲ್ಲ ಸೆಳೆಯಿತು. ಫಿರ್ಯಾದಿ, ಹೆಸರಾಂತ ಸಂಪಾದಕರಾಗಿದ್ದು ಆಗ ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿದ್ದ ಎಂ. ಜೆ. ಅಕ್ಬರ್, ಆರೋಪಿ, ಪತ್ರಕರ್ತೆ ಪ್ರಿಯಾ ರಮಣಿ. 1993ರಲ್ಲಿ ಕೆಲಸದ ಸಂದರ್ಶನಕ್ಕೆಂದು ಮುಂಬಯಿಯ ಹೋಟೆಲಿಗೆ ಕರೆಸಿಕೊಂಡ ಸಂಪಾದಕರ ನಡತೆ ಸಭ್ಯವಾಗಿರಲಿಲ್ಲವೆಂದು ಆಕೆ 2017ರಲ್ಲಿ ಹೆಸರು ಹೇಳದೆ ಬರೆದು, ಮರುವರ್ಷ ಹೆಸರನ್ನೂ ಹೇಳಿದ್ದರು. ಅಕ್ಬರರು ಅದನ್ನು ಅಲ್ಲಗಳೆದು ಮಾನನಷ್ಟದ ಕ್ರಿಮಿನಲ್ ಮೊಕದ್ದಮೆ ಹೂಡಿದರು. ಎರಡು ದಿನಗಳ ತರುವಾಯ ಸಚಿವ ಪದವಿಗೆ ರಾಜೀನಾಮೆಯಿತ್ತರು.

ಇಪ್ಪತ್ತೈದು ವರ್ಷ ಸುಮ್ಮನಿದ್ದು ಈಗೇಕೆ ಬಾಯಿ ತೆರೆದರು? ಕೇಳಿದವರು ಅನೇಕರು. ಉತ್ತರ ಕಾನೂನಿನ ಚರಿತ್ರೆಯಲ್ಲಿಯೇ ಉಂಟು. 1860ರ ದಂಡಸಂಹಿತೆಯ 499ನೆಯ ಕಲಮು ಮಾನನಷ್ಟವನ್ನು ಅಪರಾಧವೆಂದು ಸಾರಿ, ಜೊತೆಗೆ ಹತ್ತು ವಿನಾಯಿತಿಗಳನ್ನೂ ಕೊಟ್ಟಿತ್ತು. ವಿಚಾರಿಸುವ ಅಧಿಕಾರವುಳ್ಳವರ ಮುಂದೆ ಸದ್ಭಾವದಿಂದ ದೂರಿಟ್ಟರೆ ಅದು ಮಾನನಷ್ಟವಲ್ಲ ಎಂಬುದು ಎಂಟನೆಯದು. ಒಳ್ಳೆಯ ಮಾತೇ. ಆದರೆ 1993ರಲ್ಲಿ ಕೆಲಸ ಕೇಳಿ ಬಂದ ಹೆಣ್ಣುಮಗಳು ಆ ದೂರನ್ನು ಒಯ್ಯುವುದೆಲ್ಲಿಗೆ? ಪೊಲೀಸ್ ಠಾಣೆಯೊಂದಿತ್ತು, ಅದರ ಮೆಟ್ಟಿಲೇರಲು ಎಷ್ಟು ಮಂದಿ ತಂದೆತಾಯಿಗಳು ಒಪ್ಪುತ್ತಿದ್ದರು!

ದೂರು ಸಮಿತಿಗಳನ್ನು ರಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ವಿಶಾಖಾ ಪ್ರಕರಣದಲ್ಲಿ ವಿಧಿಸಿದ್ದು 1997ರಲ್ಲಿ. ಶಾಸನ ಬಂದದ್ದು 2013ರಲ್ಲಿ. ಹತ್ತು ಮಂದಿ ದುಡಿಯುವ ಕಡೆಯಲ್ಲೆಲ್ಲ ಮಹಿಳೆಯ ಅಧ್ಯಕ್ಷತೆಯ ಸಮಿತಿ, ಅದರಲ್ಲಿ ಹೊರಗಿನ ಒಬ್ಬ ಸದಸ್ಯರು. ದೂರು ಕೊಡಲು ಮೂರು ತಿಂಗಳು, ವಿಚಾರಣೆಗೆ ತೊಂಬತ್ತು ದಿನ. ಇಬ್ಬರ ಹೆಸರೂ ವಿಚಾರಣೆಯ ವಿವರವೂ ಪತ್ರಿಕೆಗಳಿಗೆ ಮುಟ್ಟಕೂಡದು. ದೂರುದಾರಳ ಮಾನದಂತೆ, ತಪ್ಪು ಇನ್ನೂ ಸಿದ್ಧವಾಗದ ಗಂಡಸಿನ ಮಾನವೂ ಇದರಿಂದ ಉಳಿಯುತ್ತದೆ.

1993ರಲ್ಲಿ ಇಂಥ ಏರ್ಪಾಡು ಇರಲಿಲ್ಲವೆಂಬುದನ್ನು ನ್ಯಾಯಾಧೀಶ ರವೀಂದ್ರ ಕುಮಾರ್ ಪಾಂಡೆಯವರು ಮರೆಯಲಿಲ್ಲ. 2021ರ ಫೆಬ್ರವರಿ 17ರಂದು ರಮಣಿಯವರನ್ನು ಖುಲಾಸೆ ಮಾಡಿ, ದಶಕಗಳು ಕಳೆದ ಮೇಲೂ ತನಗೆ ಬೇಕಾದ ವೇದಿಕೆಯಲ್ಲಿ ಅಳಲನ್ನು ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆಯೆಂದರು. ಆಕೆಯ ಘನತೆಯನ್ನು ಬಲಿಗೊಟ್ಟು ಇನ್ನೊಬ್ಬರ ಕೀರ್ತಿಯನ್ನು ಕಾಯಲಾಗದೆಂದರು.

ಹಾಗೆಂದು ಯಾರು ಯಾರನ್ನು ಏನು ಬೇಕಾದರೂ ಅನ್ನಬಹುದೆಂದಲ್ಲ. ಮಾನನಷ್ಟ ಅಪರಾಧವಾಗಿಯೇ ಇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿದಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯೂ ಎರಡು ವರ್ಷಗಳವರೆಗಿನ ಸಾದಾ ಸಜೆಯನ್ನು ಉಳಿಸಿಕೊಂಡು, ಸಮಾಜ ಸೇವೆಯ ಶಿಕ್ಷೆಯನ್ನು ಹೊಸದಾಗಿ ಸೇರಿಸಿತು. ಅಕ್ಬರರಂತೂ ತೀರ್ಪನ್ನು ಒಪ್ಪಲಿಲ್ಲ. ಅವರ ಮೇಲ್ಮನವಿಯನ್ನು ದೆಹಲಿ ಹೈಕೋರ್ಟು 2022ರಲ್ಲಿ ವಿಚಾರಣೆಗೆ ಅಂಗೀಕರಿಸಿತು.