ಗಟ್ಟಿ ಅಂದರೆ ಎಂಥಾ ಗಟ್ಟಿ?

ಕಳೆದ ಬೇಸಿಗೆಯಲ್ಲಿ ನಮ್ಮ ಸ್ಯಾಟಲೈಟ್ ಮನೆಗೆ ಧಾರವಾಡದಿಂದ ಮಾವನವರು ಬಂದಿದ್ದರು. ಸಂಜೆ ತಾರಸಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಹಾ ಕುಡಿಯೋದು ಅವರ ರೂಢಿ. ಒಂದು ದಿನ ಕುರ್ಚಿಯ ಹಿಂದಿನ ಕಾಲು ಫಟ್ ಅಂತ ಮುರೀತು. ಬಾಗಿ ಸೂಚನೆಯನ್ನೂ ಕೊಡಲಿಲ್ಲ. 78 ವರ್ಷದ ಹಿರಿಯರ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಕೊಳ್ಳುವಾಗ ಅಂಗಡಿಯವ ಹೇಳಿದ್ದು ಒಂದೇ ಮಾತು, "ಎಕದಮ್ ಮಜಬೂತ್ ಛೆ, ಸಾಹೇಬ್!" ನಾನೂ ಒತ್ತಿ ನೋಡಿ, ಬಗ್ಗಲಿಲ್ಲ, ಗಟ್ಟಿ ಇದೆ ಅಂತ ದುಡ್ಡು ಕೊಟ್ಟಿದ್ದೆ.

ತಪ್ಪು ಅಲ್ಲೇ ಆಗಿದ್ದು. ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಆದರೆ ವಟವಾ ಕಡೆಯ ಪ್ಲಾಸ್ಟಿಕ್ ಕಾರ್ಖಾನೆಗಳ ಸಾಲದ ಫೈಲು ನೋಡಿ ನೋಡಿ ಒಂದಿಷ್ಟು ಕಲಿತಿದ್ದೇನೆ. ನಾವು ಎಲ್ಲಕ್ಕೂ 'ಗಟ್ಟಿ' ಅನ್ನುತ್ತೇವಲ್ಲ, ಅದರಲ್ಲಿ ಬೇರೆ ಬೇರೆ ಗುಣಗಳಿವೆ.

ಟೆನ್ಸೈಲ್ ಪರೀಕ್ಷೆಯಲ್ಲಿ ಪಟ್ಟಿಯ ಎರಡೂ ತುದಿ ಹಿಡಿದು ಎಳೆಯುತ್ತಾರೆ. ಎಷ್ಟು ಬಲ ತಡೆಯಿತು, ತುಂಡಾಗುವ ಮುಂಚೆ ಎಷ್ಟು ಉದ್ದವಾಯಿತು ಅಂತ ನೋಡುತ್ತಾರೆ. ಫ್ಲೆಕ್ಸುರಲ್ ಪರೀಕ್ಷೆಯಲ್ಲಿ ಪಟ್ಟಿಯನ್ನು ಎರಡು ಆಧಾರದ ಮೇಲಿಟ್ಟು ನಡುವೆ ಒತ್ತುತ್ತಾರೆ. ಆಗ ಮೇಲ್ಭಾಗ ಕುಗ್ಗುತ್ತೆ, ಕೆಳಭಾಗ ಹಿಗ್ಗುತ್ತೆ. ಬಿರುಕು ಸಾಮಾನ್ಯವಾಗಿ ಹಿಗ್ಗಿದ ಕಡೆಯಿಂದಲೇ ಶುರು.

ಲೆಕ್ಕ ನೋಡಿ. ಕುರ್ಚಿಗೆ ಬಳಸುವ ಪಾಲಿಪ್ರೊಪಿಲೀನಿನ ಎಳೆತದ ಬಲ ಸುಮಾರು 30 ಮೆಗಾಪಾಸ್ಕಲ್. ಅಂದರೆ 10 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಪಟ್ಟಿ ನೇರ ಎಳೆತಕ್ಕೆ ಹೆಚ್ಚುಕಡಿಮೆ 120 ಕೆ.ಜಿ. ತಡೆಯುತ್ತೆ. ಅದೇ ಪಟ್ಟಿಯನ್ನು 64 ಮಿ.ಮೀ. ಅಂತರದ ಆಧಾರಗಳ ಮೇಲಿಟ್ಟು ನಡುವೆ ಒತ್ತಿದರೆ ಏಳು ಕೆ.ಜಿ. ಆಸುಪಾಸಿನಲ್ಲೇ ಸೋಲುತ್ತೆ! ದಪ್ಪ ಎರಡು ಪಟ್ಟಾದರೆ ಮಾತ್ರ ಬಾಗದೆ ನಿಲ್ಲುವ ಗುಣ ಎಂಟು ಪಟ್ಟಾಗುತ್ತೆ. ಕುರ್ಚಿಯ ಕಾಲಿಗೆ ಮಡಿಕೆ, ಏಣು ಕೊಡೋದು ಇದಕ್ಕೇ, ಅಂದಕ್ಕಲ್ಲ.

ಈಗ ಮುಖ್ಯ ವಿಷಯ. ಸುಣ್ಣಕಲ್ಲಿನ ಪುಡಿ ಬೆರೆಸಿದರೆ ಖರ್ಚು ಇಳಿಯುತ್ತೆ, ಪ್ಲಾಸ್ಟಿಕ್ ಬಿಗಿಯಾಗುತ್ತೆ. ಅಂಗಡಿಯಲ್ಲಿ ಒತ್ತಿದರೆ ಬಗ್ಗೋದಿಲ್ಲ. ಆದರೆ ಪುಡಿ ಹೆಚ್ಚಾದಷ್ಟೂ ಎಳೆತ ತಡೆಯುವ ಶಕ್ತಿ, ಹಿಗ್ಗುವ ಗುಣ ಕಡಿಮೆಯಾಗುತ್ತವೆ. ಹಿತಮಿತವಾಗಿ ಬೆರೆಸಿದರೆ ಮೋಸವಲ್ಲ. ಹೇಳದೆ ಸುರಿದರೆ ಮೋಸ. ನಮ್ಮ ಕುರ್ಚಿಯಲ್ಲಿ ಎಷ್ಟಿತ್ತೋ ದೇವರೇ ಬಲ್ಲ.

ಜೊತೆಗೆ ಇಲ್ಲಿಯ ಬಿಸಿಲು. ಪಟ್ಟಿಯಲ್ಲಿ ಬರೆದ ಅಂಕಿಗಳು ಸಾಮಾನ್ಯವಾಗಿ 23 ಡಿಗ್ರಿಯಲ್ಲಿ ಅಳೆದವು. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ಆಗಿತ್ತು! ಬಿಸಿಗೆ ಪಾಲಿಪ್ರೊಪಿಲೀನ್ ಮೆತ್ತಗಾಗುತ್ತೆ. ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಹಾಕದಿದ್ದರೆ ವರ್ಷಗಳಲ್ಲಿ ಪೆಡಸಾಗುತ್ತೆ. ನಮ್ಮದು ಎರಡು ಬೇಸಿಗೆ ತಾರಸಿಯಲ್ಲೇ ಬಿದ್ದಿತ್ತು. ಅದು ನನ್ನ ತಪ್ಪು.

ಬ್ಯಾಂಕಿನಲ್ಲಿ ನಾವು ಲಾಭ ನೋಡಿ ಸುಮ್ಮನಾಗೋದಿಲ್ಲ, ಕೈಯಲ್ಲಿ ನಗದು ಎಷ್ಟು ಅಂತಲೂ ಕೇಳುತ್ತೇವೆ. ಎರಡೂ ಬೇರೆ. ಹಾಗೇ ಕುರ್ಚಿಗೂ ಎರಡೂ ಅಂಕಿ ಬೇಕು. ಪರೀಕ್ಷೆ ಮಾಡಲು ವಟವಾದಲ್ಲೇ ಸಿಪೆಟ್ ಇದೆ. ಸಾಲ ಕೊಡುವ ನಾವು ಬ್ಯಾಲೆನ್ಸ್ ಶೀಟ್ ಜೊತೆ ಆ ವರದಿಯನ್ನೂ ಯಾಕೆ ಕೇಳಬಾರದು? ತಯಾರಕರು ಕುರ್ಚಿಯ ತಳದಲ್ಲಿ ಎಷ್ಟು ಭಾರ, ಬಿಸಿಲಿಗೋ ನೆರಳಿಗೋ ಅಂತ ಎರಡು ಸಾಲು ಯಾಕೆ ಅಚ್ಚು ಹಾಕಬಾರದು?

ಮಾವನವರ ಕೈ ಸರಿಹೋಗಿದೆ. ಈಗ ಅವರು ಮರದ ಕುರ್ಚಿ ಬಿಟ್ಟು ಬೇರೆಯದರಲ್ಲಿ ಕೂರೋದಿಲ್ಲ. ನಿಮ್ಮ ಮನೆಯ ತಾರಸಿಯಲ್ಲೂ ಬಣ್ಣ ಮಾಸಿ, ಮುಟ್ಟಿದರೆ ಬಿಳಿ ಪುಡಿ ಅಂಟುವ ಕುರ್ಚಿ ಇದೆಯಾ? ದಯವಿಟ್ಟು ಅದರಲ್ಲಿ ಹಿರಿಯರನ್ನು ಕೂರಿಸಬೇಡಿ.